ಬೀರುವಿನೊಳಗೆ ಬೀಗ ಹಾಕಿದ ಕ್ಯಾಮೆರಾ

ಹೋದ ವರ್ಷ ಒಂದು ಪ್ರೌಢಶಾಲೆಗೆ ಸುದ್ದಿಗೆಂದು ಹೋಗಿದ್ದೆವು. ಊರಿನ ಹೆಸರು ಬೇಡ. ವಿಜ್ಞಾನದ ಕೋಣೆಯ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು, ಅದಕ್ಕೊಂದು ದೊಡ್ಡ ಬೀಗ. ಏನಿದೆ ಅಂತ ಕೇಳಿ ತೆಗೆಸಿ ನೋಡಿದರೆ ಒಳಗೆ ದಾನಿಗಳು ಕೊಟ್ಟ ಹತ್ತು ಪೆಟ್ಟಿಗೆ. ಎಲ್ಲವೂ ಮಕ್ಕಳೇ ಜೋಡಿಸುವ ಡಿಜಿಟಲ್ ಕ್ಯಾಮೆರಾದ ಕಿಟ್. ಕೊಟ್ಟು ಎರಡು ವರ್ಷ ಆಗಿತ್ತು. ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಯಾರೂ ಹರಿದಿರಲಿಲ್ಲ.

ಯಾಕೆ ಸಾರ್ ಅಂತ ಕೇಳಿದೆವು. ಮೇಷ್ಟ್ರು ಸುಳ್ಳು ಹೇಳಲಿಲ್ಲ. "ಮಕ್ಕಳ ಕೈಗೆ ಕೊಟ್ರೆ ಮುರೀತಾರೆ ಕಣ್ರಪ್ಪಾ. ಸ್ಟಾಕ್ ರಿಜಿಸ್ಟರಿನಲ್ಲಿ ಹತ್ತು ಅಂತ ಬರೆದಿದೆ. ನಾಳೆ ತನಿಖೆಗೆ ಬಂದವರು ಹತ್ತು ಎಲ್ಲಿ ಅಂತಾರೆ. ಬ್ಯಾಟರಿ ಬೇರೆ ಇದೆ. ಏನಾದ್ರೂ ಸಿಡಿದ್ರೆ ಪೋಷಕರಿಗೆ ಯಾರು ಉತ್ತರ ಹೇಳೋದು?"

ಅವರ ಮಾತಿನಲ್ಲಿ ಭಯ ಎರಡು. ಒಂದು ರಿಜಿಸ್ಟರಿನದ್ದು, ಇನ್ನೊಂದು ಬ್ಯಾಟರಿಯದ್ದು. ಎರಡೂ ನಿಜವಾದ ಭಯವೇ. ಆದರೆ ಎರಡಕ್ಕೂ ಬೀಗ ಉತ್ತರ ಅಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಅಲ್ಲಿಂದ ಬಂದ ಮೇಲೆ ನಾವು ಏಳು ಜನ ಸೇರಿ ದುಡ್ಡು ಹಾಕಿ ಒಂದು ಕ್ಯಾಮೆರಾ ಜೋಡಿಸಿದೆವು. ಒಂದು ಸರ್ಕ್ಯೂಟ್ ಬೋರ್ಡು ಸುಟ್ಟೆವು, ಒಂದು ಬ್ಯಾಟರಿಯಿಂದ ಹೊಗೆ ಬರಿಸಿದೆವು, ಕೊನೆಗೆ ಫೋಟೋ ತೆಗೆದೆವು. ಆಮೇಲೆ ಎರಡು ಊರಿನ ಮಕ್ಕಳ ಜೊತೆ ಕೂತು ಮತ್ತೆ ಜೋಡಿಸಿದೆವು. ಅದರಿಂದ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಫೋನಿನಲ್ಲೇ ಕ್ಯಾಮೆರಾ ಇರುವಾಗ ಇದು ಯಾಕೆ?

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ನೀವೂ ಇದನ್ನು ಫೋನಿನಲ್ಲೇ ಓದುತ್ತಿದ್ದೀರಿ. ಅದರ ಬೆನ್ನಿಗೆ ನಾವು ಜೋಡಿಸುವ ಯಾವುದೇ ಕ್ಯಾಮೆರಾಕ್ಕಿಂತ ಒಳ್ಳೆಯ ಕ್ಯಾಮೆರಾ ಇದೆ. ಚೆಂದದ ಫೋಟೋ ಬೇಕು ಅಂದರೆ ಕಿಟ್ ಬೇಡವೇ ಬೇಡ.

ಆದರೆ ಒಂದು ಕ್ಷಣ ಯೋಚನೆ ಮಾಡಿ. ಹಳ್ಳಿಯವರಾದ ನಾವು ಈಗ ಎಷ್ಟು ಸಲ ಕ್ಯಾಮೆರಾದ ಮುಂದೆ ನಿಲ್ಲುತ್ತೇವೆ? ಉದ್ಯೋಗ ಖಾತ್ರಿ ಕೆಲಸದ ಜಾಗಗಳಲ್ಲಿ 2023ರ ಜನವರಿಯಿಂದ ಆ್ಯಪ್ ಹಾಜರಾತಿ ಕಡ್ಡಾಯ ಮಾಡಿದರು. ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೋ ಅಪ್‌ಲೋಡ್ ಆಗಬೇಕು ಅಂದರು. ನಮ್ಮ ರಾಜ್ಯದಲ್ಲಿ ರೈತರು ತಮ್ಮ ಹೊಲಕ್ಕೆ ಹೋಗಿ, ನಿಂತ ಬೆಳೆಯ ಫೋಟೋ ತೆಗೆದು ಬೆಳೆ ಸಮೀಕ್ಷೆಯ ಆ್ಯಪ್‌ಗೆ ಹಾಕುವ ಪದ್ಧತಿ 2020ರಿಂದ ಇದೆ. ರೇಷನ್ನು, ಪಿಂಚಣಿ, ಬ್ಯಾಂಕು, ಎಲ್ಲಿ ಹೋದರೂ "ಇಲ್ಲಿ ನೋಡಿ" ಅನ್ನುತ್ತಾರೆ. ಊರಿನ ಸರ್ಕಲ್ಲಿನಲ್ಲಿ ಸಿಸಿಟಿವಿ, ಅಂಗಡಿಯಲ್ಲಿ ಸಿಸಿಟಿವಿ, ಹಾಲಿನ ಡೇರಿಯಲ್ಲೂ ಸಿಸಿಟಿವಿ.

ಅಂದರೆ ನಮ್ಮ ಕೂಲಿ, ನಮ್ಮ ಬೆಳೆ, ನಮ್ಮ ಮುಖ ಎಲ್ಲದಕ್ಕೂ ಕ್ಯಾಮೆರಾ ಸಾಕ್ಷಿಯಾಗಿ ಕೂತಿದೆ. ಆ ಸಾಕ್ಷಿಯ ಹೊಟ್ಟೆಯಲ್ಲಿ ಏನಿದೆ ಅಂತ ಮಾತ್ರ ನಮಗೆ ಗೊತ್ತಿಲ್ಲ. ಅದು ಎಲ್ಲಿ ತಪ್ಪುತ್ತದೆ, ಕತ್ತಲಲ್ಲಿ ಏನು ಮಾಡುತ್ತದೆ, ತೆಗೆದ ಚಿತ್ರ ಎಲ್ಲಿಗೆ ಹೋಗುತ್ತದೆ, ಇದು ತಿಳಿಯದವರು "ಫೋಟೋದಲ್ಲಿ ನೀನಿಲ್ಲ" ಅಂದರೆ ತಲೆ ಬಗ್ಗಿಸಿ ವಾಪಸ್ ಬರಬೇಕಾಗುತ್ತದೆ. ಪಂಪ್‌ಸೆಟ್ ಕೆಟ್ಟರೆ ಬಿಚ್ಚಿ ನೋಡುವ ಜನ ನಾವು. ಕ್ಯಾಮೆರಾ ಅಂದ ಕೂಡಲೇ ಮಾತ್ರ ಯಾಕೆ ಕೈ ಕಟ್ಟಿ ನಿಲ್ಲಬೇಕು?

ಹುಟ್ಟಿದ್ದೇ ಬಿಡಿಭಾಗಗಳಿಂದ

ಡಿಜಿಟಲ್ ಕ್ಯಾಮೆರಾ ಅಂದರೆ ಭಾರಿ ಕಾರ್ಖಾನೆಯಲ್ಲಿ ಮಾತ್ರ ಆಗುವ ವಸ್ತು ಅಂತ ಅಂದುಕೊಳ್ಳುತ್ತೇವೆ. ಅದರ ಚರಿತ್ರೆ ಹಾಗಿಲ್ಲ. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ಯುವ ಎಂಜಿನಿಯರ್ ಕೈಯಲ್ಲಿ ಹಿಡಿಯಬಹುದಾದ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದರು. ಸಿನಿಮಾ ಕ್ಯಾಮೆರಾ ಜೋಡಿಸುವ ವಿಭಾಗದಿಂದ ಒಂದು ಲೆನ್ಸ್ ತಂದರು, ಹೊಸದಾಗಿ ಬಂದಿದ್ದ ಬೆಳಕು ಹಿಡಿಯುವ ಒಂದು ಚಿಪ್ ಹಾಕಿದರು, ಚಿತ್ರ ಉಳಿಸಲು ಹಾಡು ಕೇಳುವ ಕ್ಯಾಸೆಟ್ ಬಳಸಿದರು. ತೂಕ ಸುಮಾರು ಮೂರೂವರೆ ಕೆ.ಜಿ. ಒಂದು ಕಪ್ಪುಬಿಳುಪು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು. ಚಿತ್ರದಲ್ಲಿ ಇದ್ದದ್ದು ಅಡ್ಡ ನೂರು, ಉದ್ದ ನೂರು, ಒಟ್ಟು ಹತ್ತು ಸಾವಿರ ಚುಕ್ಕಿ ಮಾತ್ರ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದರೆ ಅದು ಅಲ್ಲಿಂದೊಂದು ಇಲ್ಲಿಂದೊಂದು ತಂದು ಕಟ್ಟಿದ ಗಾಡಿ.

ಇನ್ನೊಂದು ಕಥೆ ನಮಗೆ ಇನ್ನೂ ಹತ್ತಿರದ್ದು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಪ್ರೊಫೆಸರ್ ಒಬ್ಬರಿದ್ದಾರೆ, ಭಾರತದಲ್ಲೇ ಓದಿ ಹೋದವರು. ಹೆಸರು ಶ್ರೀ ಕೆ. ನಾಯರ್. 'ಶ್ರೀ' ಅನ್ನುವುದು ಇಲ್ಲಿ ಗೌರವಕ್ಕೆ ಹಾಕಿದ್ದಲ್ಲ, ಅವರ ಹೆಸರೇ ಅದು. ಕೋಲ್ಕತ್ತದ ಸೋನಾಗಾಚಿಯ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟ ಕಥೆ ಹೇಳುವ 'ಬಾರ್ನ್ ಇನ್‌ಟು ಬ್ರಾಥೆಲ್ಸ್' ಎಂಬ ಸಾಕ್ಷ್ಯಚಿತ್ರ ನೋಡಿ ಅವರಿಗೆ ಒಂದು ಯೋಚನೆ ಹೊಳೆಯಿತು. ಮಕ್ಕಳಿಗೆ ಕ್ಯಾಮೆರಾ ಕೊಡುವುದಷ್ಟೇ ಯಾಕೆ, ಅವರೇ ಅದನ್ನು ಕಟ್ಟಲಿ. ಹಾಗೆ ಹುಟ್ಟಿದ್ದು 'ಬಿಗ್‌ಶಾಟ್' ಎಂಬ ಕಿಟ್. ಪ್ರಯೋಗಕ್ಕೆ ಅದನ್ನು ಮಕ್ಕಳ ಕೈಗೆ ಕೊಟ್ಟ ಊರುಗಳಲ್ಲಿ ನ್ಯೂಯಾರ್ಕ್, ಟೋಕಿಯೋ ಜೊತೆಗೆ ನಮ್ಮ ಬೆಂಗಳೂರೂ ಇತ್ತು. 2013ರಲ್ಲಿ ಮಾರಾಟಕ್ಕೆ ಬಂದಾಗ ಬೆಲೆ 89 ಡಾಲರ್.

ಆ ಕಿಟ್ಟಿನಲ್ಲಿ ನಮಗೆ ಹಿಡಿಸಿದ್ದು ಎರಡು ಸಂಗತಿ. ಪಕ್ಕದಲ್ಲಿ ಒಂದು ಹಿಡಿಕೆ ಇದೆ. ಬ್ಯಾಟರಿ ಖಾಲಿಯಾದರೆ ಸೈಕಲ್ ಡೈನಮೋದ ಹಾಗೆ ತಿರುಗಿಸಿ ಕರೆಂಟು ಮಾಡಿಕೊಂಡು ಫೋಟೋ ತೆಗೆಯಬಹುದು. ಮುಂದೆ ಒಂದು ಚಕ್ರ ಇದೆ. ಅದನ್ನು ತಿರುಗಿಸಿದರೆ ಒಂದು ಸಲ ಸಾಮಾನ್ಯ ಲೆನ್ಸು, ಒಂದು ಸಲ ಅಗಲವಾಗಿ ನೋಡುವ ಲೆನ್ಸು, ಒಂದು ಸಲ ಎರಡು ಕಣ್ಣಿನಂತೆ ನೋಡುವ ಗಾಜು. ಮಗು ಆಡುತ್ತಾ ವಿದ್ಯುತ್ತನ್ನೂ ಬೆಳಕನ್ನೂ ಕಲಿಯುತ್ತದೆ. ಬೆಂಗಳೂರಿನ ಮಕ್ಕಳ ಕೈಗೆ ಅಷ್ಟು ಹಿಂದೆಯೇ ಬಂದದ್ದು, ನಮ್ಮ ತಾಲೂಕಿನ ಮಕ್ಕಳಿಗೆ ಇವತ್ತಿಗೂ ಬೀರುವಿನ ಆಚೆಗೇ ಇದೆ.

ನಾವು ಜೋಡಿಸಿದ್ದು ಹೀಗೆ

89 ಡಾಲರ್ ಕೊಡುವ ಶಕ್ತಿ ನಮಗಿರಲಿಲ್ಲ. ಅದಕ್ಕೆ ಇಎಸ್‌ಪಿ32-ಕ್ಯಾಮ್ ಎಂಬ ಚಿಕ್ಕ ಬೋರ್ಡ್ ತರಿಸಿದೆವು. ಬೆಂಕಿಪೊಟ್ಟಣಕ್ಕಿಂತಲೂ ಚಿಕ್ಕದು. ಅದರ ಮೇಲೆ ಒಂದು ಪುಟ್ಟ ಕಂಪ್ಯೂಟರ್ ಚಿಪ್, ವೈಫೈ, ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ, ಒಂದು ಬಿಳಿ ಎಲ್‌ಇಡಿ, ಮೆಮೊರಿ ಕಾರ್ಡ್ ಹಾಕುವ ಜಾಗ. ಯುಎಸ್‌ಬಿ ಇರುವ ಅಡಿಬೋರ್ಡಿನ ಜೊತೆ ನಮಗೆ ಬಿದ್ದದ್ದು ಸಾವಿರ ರೂಪಾಯಿಯ ಒಳಗೆ. ಬೆಸುಗೆ ಹಾಕುವ ಕೆಲಸ ಇಲ್ಲ. ಬೋರ್ಡನ್ನು ಅಡಿಬೋರ್ಡಿನ ಮೇಲೆ ಕೂರಿಸಿದರೆ ಆಯಿತು.

ಕ್ಯಾಮೆರಾದ ತುಂಡು ಬೇರೆಯಾಗಿ ಬರುತ್ತದೆ. ಅದಕ್ಕೆ ಕಾಗದದಂಥ ಚಪ್ಪಟೆ ಪಟ್ಟಿ ಇರುತ್ತದೆ. ಬೋರ್ಡಿನ ಮೇಲಿನ ಕಪ್ಪು ಕ್ಲಿಪ್ಪನ್ನು ಉಗುರಿನಿಂದ ಮೆಲ್ಲಗೆ ಎತ್ತಿ, ಪಟ್ಟಿಯನ್ನು ನೆಟ್ಟಗೆ ಒಳಗೆ ತಳ್ಳಿ, ಕ್ಲಿಪ್ ಒತ್ತಬೇಕು. ಇಲ್ಲಿ ಅವಸರ ಮಾಡಿದರೆ ಪಟ್ಟಿ ಹರಿಯುತ್ತದೆ. ಮುಟ್ಟುವ ಮೊದಲು ಕಿಟಕಿಯ ಕಬ್ಬಿಣದ ಸರಳನ್ನೋ ನಲ್ಲಿಯನ್ನೋ ಒಮ್ಮೆ ಮುಟ್ಟಿ. ಮೈಮೇಲೆ ಸೇರಿದ ಸ್ಥಿರ ವಿದ್ಯುತ್ತು ಅಲ್ಲೇ ಇಳಿದು ಹೋಗುತ್ತದೆ, ಚಿಪ್ಪಿಗೆ ಪೆಟ್ಟಾಗುವುದಿಲ್ಲ.

ಆಮೇಲೆ ಕಂಪ್ಯೂಟರ್. ಆರ್ಡುಯಿನೋ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಅದರಲ್ಲಿ ಇಎಸ್‌ಪಿ32 ಬೋರ್ಡುಗಳ ಪ್ಯಾಕೇಜ್ ಸೇರಿಸಿದರೆ ಉದಾಹರಣೆಗಳ ಪಟ್ಟಿಯಲ್ಲಿ 'ಕ್ಯಾಮೆರಾ ವೆಬ್ ಸರ್ವರ್' ಅಂತ ಸಿದ್ಧ ಪ್ರೋಗ್ರಾಂ ಸಿಗುತ್ತದೆ. ಬೋರ್ಡಿನ ಮಾದರಿ 'ಎಐ ಥಿಂಕರ್' ಅಂತ ಆರಿಸಿ, ನಿಮ್ಮ ಹಾಟ್‌ಸ್ಪಾಟಿನ ಹೆಸರು ಮತ್ತು ಪಾಸ್‌ವರ್ಡ್ ಬರೆದು, ಬೋರ್ಡಿಗೆ ಕಳಿಸಬೇಕು. ಅದು ಶುರುವಾದ ಮೇಲೆ ಪರದೆಯಲ್ಲಿ ಅಂಕಿಗಳ ಒಂದು ವಿಳಾಸ ಕೊಡುತ್ತದೆ. ಅದನ್ನು ಫೋನಿನ ಬ್ರೌಸರಿನಲ್ಲಿ ಹೊಡೆದರೆ ಕ್ಯಾಮೆರಾ ನೋಡುತ್ತಿರುವುದು ನಿಮ್ಮ ಫೋನಿನಲ್ಲಿ ಕಾಣುತ್ತದೆ.

ನಾವು ಒದ್ದಾಡಿದ ಜಾಗಗಳನ್ನು ಹೇಳಿಬಿಡುತ್ತೇವೆ, ನಿಮಗೆ ಒಂದು ದಿನ ಉಳಿಯುತ್ತದೆ.

ಒಂದು, ಈ ಬೋರ್ಡಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ಹೊಸ ಫೋನಿನ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿ ಇದ್ದರೆ ಎಷ್ಟು ಹೊತ್ತಾದರೂ ಸೇರುವುದಿಲ್ಲ. ಸೆಟ್ಟಿಂಗಿನಲ್ಲಿ ಬದಲಾಯಿಸಿ.

ಎರಡು, ಕರೆಂಟು ಸಾಲದಿದ್ದರೆ ಬೋರ್ಡ್ ಮತ್ತೆ ಮತ್ತೆ ಆಫ್ ಆಗಿ ಆನ್ ಆಗುತ್ತದೆ. 'ಬ್ರೌನ್‌ಔಟ್' ಅಂತ ಸಂದೇಶ ಬರುತ್ತದೆ. ನಾವು ಬೋರ್ಡೇ ಕೆಟ್ಟಿದೆ ಅಂದುಕೊಂಡಿದ್ದೆವು. ಕೆಟ್ಟಿದ್ದು ಹಳೆಯ ಕೇಬಲ್. ದಪ್ಪನೆಯ, ಗಿಡ್ಡನೆಯ ಕೇಬಲ್ ಹಾಕಿದ ಕೂಡಲೇ ಸರಿಹೋಯಿತು.

ಮೂರು, ಕೆಲವು ಕೇಬಲ್ ಚಾರ್ಜಿಗೆ ಮಾತ್ರ, ಅದರಲ್ಲಿ ಪ್ರೋಗ್ರಾಂ ಹೋಗುವುದಿಲ್ಲ.

ನಾಲ್ಕು, ಚಿತ್ರ ಮಸುಕಾಗಿದ್ದರೆ ಲೆನ್ಸನ್ನು ತಿರುಪಿನಂತೆ ಕೊಂಚ ತಿರುಗಿಸಬೇಕು. ಅಲುಗಾಡದಿರಲಿ ಅಂತ ಒಂದು ಹನಿ ಅಂಟು ಹಾಕಿರುತ್ತಾರೆ, ಅದನ್ನು ಬಿಡಿಸಿ ನಿಧಾನವಾಗಿ ತಿರುಗಿಸಿ.

ಡಬ್ಬಿಗೆ ನಾವು ಬಳಸಿದ್ದು ಹಳೆಯ ಸೋಪಿನ ಪೆಟ್ಟಿಗೆ. ಲೆನ್ಸಿಗೆ ಒಂದು ತೂತು, ಗಾಳಿಗೆ ಪಕ್ಕದಲ್ಲಿ ನಾಲ್ಕು ತೂತು. ಬೋರ್ಡ್ ಕೆಲಸ ಮಾಡುವಾಗ ಚೆನ್ನಾಗಿ ಬಿಸಿಯಾಗುತ್ತದೆ, ಗಾಳಿಯಾಡದಂತೆ ಮುಚ್ಚಬೇಡಿ.

ಅಂಗಳದ ಲೋಟಗಳು

ಜೋಡಿಸಿದ ಮೇಲೆ ಮಕ್ಕಳು ಕೇಳಿದ್ದು, ಬೆಳಕು ಫೋಟೋ ಆಗುವುದು ಹೇಗೆ ಅಂತ. ನಾವು ಹೀಗೆ ಹೇಳಿದೆವು. ಮಳೆ ಬರುವ ಮೊದಲು ಅಂಗಳದ ತುಂಬಾ ಸಾಲುಸಾಲಾಗಿ ಲೋಟ ಇಟ್ಟೆವು ಅಂದುಕೊಳ್ಳಿ. ಮಳೆ ನಿಂತ ಮೇಲೆ ಪ್ರತಿ ಲೋಟದಲ್ಲಿ ಎಷ್ಟು ನೀರಿದೆ ಅಂತ ಅಳೆದು ಬರೆದರೆ, ಎಲ್ಲಿ ಸೂರು ಅಡ್ಡ ಇತ್ತು, ಎಲ್ಲಿ ಬಯಲಿತ್ತು ಅಂತ ಆ ಅಂಕಿಗಳಿಂದಲೇ ಗೊತ್ತಾಗುತ್ತದೆ. ಕ್ಯಾಮೆರಾದ ಚಿಪ್ ಅಂಥದ್ದೇ ಅಂಗಳ. ಮಳೆಯ ಬದಲು ಬೆಳಕು. ನಮ್ಮ ಬೋರ್ಡಿನಲ್ಲಿ ಅಡ್ಡ 1600, ಉದ್ದ 1200, ಒಟ್ಟು 19 ಲಕ್ಷ 20 ಸಾವಿರ ಲೋಟ.

ಬೆಳಕು ಕಡಿಮೆ ಇದ್ದಾಗ ಲೋಟದಲ್ಲಿ ನಾಲ್ಕೇ ಹನಿ. ಅಳತೆ ತಪ್ಪುತ್ತದೆ. ಅದಕ್ಕೇ ಸಂಜೆಯ ಫೋಟೋದಲ್ಲಿ ರಾಗಿ ಚೆಲ್ಲಿದಂತೆ ಚುಕ್ಕಿಗಳು.

ಬಣ್ಣದ ಕಥೆ ಇನ್ನೂ ದೊಡ್ಡದು. ಈ ಲೋಟಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ಅದಕ್ಕೆ ಪ್ರತಿಯೊಂದರ ಮೇಲೂ ಒಂದು ಬಣ್ಣದ ಗಾಜು ಮುಚ್ಚಿರುತ್ತಾರೆ. ಅರ್ಧಕ್ಕೆ ಹಸಿರು, ಕಾಲಿಗೆ ಕೆಂಪು, ಕಾಲಿಗೆ ನೀಲಿ. ಇದು ಕೊಡಾಕ್‌ನಲ್ಲೇ ಇದ್ದ ಬ್ರೈಸ್ ಬೇಯರ್ ಕೊಟ್ಟ ಉಪಾಯ. ಅಂದರೆ ಒಂದೊಂದು ಚುಕ್ಕಿಯಲ್ಲಿ ಮೂರು ಬಣ್ಣದಲ್ಲಿ ಒಂದನ್ನು ಮಾತ್ರ ನಿಜವಾಗಿ ಅಳೆಯುತ್ತಾರೆ. ಉಳಿದ ಎರಡನ್ನು ಅಕ್ಕಪಕ್ಕದ ಚುಕ್ಕಿ ನೋಡಿ ಲೆಕ್ಕ ಹಾಕಿ ತುಂಬುತ್ತಾರೆ.

ಇದನ್ನು ಹೇಳಿದಾಗ ಕೂಲಿಗೆ ಹೋಗುವ ಒಬ್ಬ ಅಜ್ಜಿ ಪಕ್ಕದಲ್ಲೇ ಕೂತಿದ್ದರು. "ಹಂಗಾದ್ರೆ ಫೋಟೋದಾಗೆ ಮುಕ್ಕಾಲು ಭಾಗ ಅದೇ ಊಹೆ ಮಾಡ್ಕಂಡು ಬರೀತೈತೆ ಅನ್ನಪ್ಪ" ಅಂದರು. ಮುಕ್ಕಾಲಲ್ಲ ಅಜ್ಜಿ, ಬಣ್ಣದ ಮೂರರಲ್ಲಿ ಎರಡು ಪಾಲು ಅಂದೆವು. ಆದರೆ ಅವರು ಹಿಡಿದ ವಿಷಯ ಸರಿಯಾಗಿಯೇ ಇತ್ತು. ಫೋಟೋ ಅಂದರೆ ಅಳತೆ ಮತ್ತು ಲೆಕ್ಕ. ಬೆಳಕು ಕಡಿಮೆ ಇದ್ದರೆ, ಲೆನ್ಸಿನ ಮೇಲೆ ಧೂಳಿದ್ದರೆ, ಸೂರ್ಯ ಬೆನ್ನ ಹಿಂದೆ ಇದ್ದರೆ ಅಳತೆಯೇ ತಪ್ಪುತ್ತದೆ. ಓಡುವ ಫ್ಯಾನಿಗೆ ನಮ್ಮ ಕ್ಯಾಮೆರಾ ಹಿಡಿದು ತೋರಿಸಿದೆವು, ರೆಕ್ಕೆ ಸೊಟ್ಟಗಾಗಿ ಬಂತು. ಚಿಪ್ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ, ಮೇಲಿನಿಂದ ಕೆಳಗೆ ಸಾಲುಸಾಲಾಗಿ ಓದುತ್ತದೆ. ಅಷ್ಟರಲ್ಲಿ ರೆಕ್ಕೆ ಸರಿದಿರುತ್ತದೆ.

'ಕ್ಯಾಮೆರಾ ಸುಳ್ಳು ಹೇಳುವುದಿಲ್ಲ' ಅನ್ನುವ ಮಾತನ್ನು ನಮ್ಮ ಪತ್ರಿಕೋದ್ಯಮದ ತರಗತಿಯಲ್ಲೂ ಕೇಳಿದ್ದೆವು. ಸೋಪಿನ ಪೆಟ್ಟಿಗೆಯ ಕ್ಯಾಮೆರಾ ಅರ್ಧ ಗಂಟೆಯಲ್ಲಿ ಅದನ್ನು ತಿದ್ದಿತು.

ಎಲ್ಲಿ ಅಪಾಯ ಇದೆ, ಎಲ್ಲಿ ಇಲ್ಲ

ಈಗ ಮೇಷ್ಟ್ರ ಭಯಕ್ಕೆ ಬರೋಣ. ಅಪಾಯವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅಪಾಯ ಎಲ್ಲಿದೆ ಅಂತ ಗೊತ್ತಿದ್ದರೆ ಅದನ್ನು ದಾಟಬಹುದು.

ಬೋರ್ಡ್ ಓಡುವುದು 5 ವೋಲ್ಟಿನಲ್ಲಿ. ಅದು ಮೈಗೆ ಹೊಡೆಯುವುದಿಲ್ಲ. ಆದರೆ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಬೋರ್ಡು ಸಾಯುತ್ತದೆ. ನಮ್ಮ ಮೊದಲ ಬೋರ್ಡಿಗೆ ಅಡಿಬೋರ್ಡ್ ಬಳಸದೆ ನೇರ ತಂತಿ ಕೊಟ್ಟು ಹಾಗೇ ಕೊಂದೆವು. ಒಂದು ಸಣ್ಣ ಸುಟ್ಟ ವಾಸನೆ, ಅಷ್ಟೇ. ನಷ್ಟ ದುಡ್ಡಿನದ್ದು.

ನಿಜವಾದ ಅಪಾಯ ಲಿಥಿಯಂ ಬ್ಯಾಟರಿಯದ್ದು. ನಮ್ಮಲ್ಲೊಬ್ಬ ಹಳೆಯ ಫೋನಿನ ಬ್ಯಾಟರಿಯನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಲು ಹೋದ. ತುದಿ ಒಳಗೆ ಚುಚ್ಚಿತು. ಎರಡು ಸೆಕೆಂಡಿನಲ್ಲಿ ಕೋಣೆ ತುಂಬಾ ಬಿಳಿ ಹೊಗೆ. ಎಲ್ಲರೂ ಹೊರಗೆ ಓಡಿದೆವು. ಮೇಜಿನ ಮೇಲೆ ಸುಟ್ಟ ಗುರುತು ಈಗಲೂ ಇದೆ. ಅಲ್ಲಿ ಮಕ್ಕಳು ಇರಲಿಲ್ಲ ಅನ್ನುವುದು ನಮ್ಮ ಅದೃಷ್ಟ. ಜಾಣತನ ಅಂತ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ.

ಅವತ್ತಿನಿಂದ ನಮ್ಮ ನಿಯಮ: ಮಕ್ಕಳ ಕ್ಯಾಮೆರಾಕ್ಕೆ ಬಿಡಿ ಬ್ಯಾಟರಿ ಇಲ್ಲ. ಒಳ್ಳೆಯ ಪವರ್ ಬ್ಯಾಂಕ್ ಮಾತ್ರ. ಅದರೊಳಗೆ ರಕ್ಷಣೆಯ ಸರ್ಕ್ಯೂಟ್ ಇರುತ್ತದೆ. ಊದಿದ, ಬಿದ್ದು ಜಜ್ಜಿದ, ಮುಟ್ಟಿದರೆ ಬಿಸಿ ಅನ್ನಿಸುವ ಬ್ಯಾಟರಿ ಯಾವುದನ್ನೂ ಬಳಸುವುದಿಲ್ಲ. ಚಾರ್ಜಿಗೆ ಹಾಕಿ ಮಲಗುವುದಿಲ್ಲ, ಹಾಸಿಗೆ ದಿಂಬಿನ ಮೇಲೆ ಇಡುವುದಿಲ್ಲ. ಸಂತೆಯಲ್ಲಿ '9900' ಅಂತ ಬರೆದ ಬ್ಯಾಟರಿ ಸೆಲ್ಲು ಮಾರುತ್ತಾರೆ. ಹೆಬ್ಬೆರಳು ಗಾತ್ರದ ಆ ಸೆಲ್ಲಿನಲ್ಲಿ ಅದರ ಅರ್ಧದಷ್ಟೂ ಹಿಡಿಯುವುದಿಲ್ಲ. ಹೊದಿಕೆಯ ಮೇಲೆಯೇ ಸುಳ್ಳು ಬರೆದವರು ಒಳಗೆ ಏನು ತುಂಬಿರುತ್ತಾರೋ ನಂಬಬೇಡಿ. ಹೊಗೆ ಬಂದರೆ ಕೈಯಿಂದ ಎತ್ತಬೇಡಿ, ಹೊಗೆ ಕುಡಿಯಬೇಡಿ. ಮಕ್ಕಳನ್ನು ಮೊದಲು ಹೊರಗೆ ಕಳಿಸಿ.

ಇನ್ನೊಂದು ಅಪಾಯ ಯಾರಿಗೂ ಗೊತ್ತಾಗದಂಥದ್ದು. ಮನೆಯ ಅಟ್ಟದಲ್ಲೋ ಗುಜರಿಯಲ್ಲೋ ಹಳೆಯ ರೀಲಿನ ಕ್ಯಾಮೆರಾ ಸಿಕ್ಕರೆ ಮಕ್ಕಳು ಅದನ್ನೂ ಬಿಚ್ಚಲು ಕೂರುತ್ತಾರೆ. ಫ್ಲ್ಯಾಶ್ ಇರುವ ಆ ಕ್ಯಾಮೆರಾಗಳ ಒಳಗೆ ಒಂದು ಕೆಪಾಸಿಟರ್ ಇರುತ್ತದೆ. ಅದು ಸುಮಾರು 300 ವೋಲ್ಟ್ ತುಂಬಿಕೊಳ್ಳುತ್ತದೆ. ಸೆಲ್ಲು ತೆಗೆದ ಮೇಲೂ ಇಟ್ಟುಕೊಂಡಿರಬಹುದು. ನೋಡಲು ಆಟದ ಸಾಮಾನು, ಮುಟ್ಟಿದರೆ ಕೈ ಎಸೆಯುವಂಥ ಹೊಡೆತ. ಮಕ್ಕಳಿಗೆ ಅದನ್ನು ಬಿಚ್ಚಲು ಕೊಡಬೇಡಿ.

ನಮ್ಮ ಬೋರ್ಡಿನ ಬಿಳಿ ಎಲ್‌ಇಡಿ ಚಿಕ್ಕದಾದರೂ ಬಹಳ ಪ್ರಖರ. ಕಣ್ಣಿಗೆ ಹತ್ತಿರ ಹಿಡಿಯಬೇಡಿ, ಹೆಚ್ಚು ಹೊತ್ತು ಉರಿಸಬೇಡಿ. ಮುಂದೆ ಎಂದಾದರೂ ಬೆಸುಗೆ ಹಾಕುವುದಾದರೆ ಕಿಟಕಿ ತೆಗೆದು ಕೂರಿ. ಬೆಸುಗೆಯ ತಂತಿಯಲ್ಲಿ ಸೀಸ ಇರುತ್ತದೆ, ಕೈ ತೊಳೆಯದೆ ಬಾಯಿಗೆ ಏನೂ ಹಾಕಬೇಡಿ.

ಆ ಹುಡುಗಿ ಕೇಳಿದ್ದು

ಎರಡನೇ ಊರಿನಲ್ಲಿ ಎಲ್ಲ ಮುಗಿದು, ಮಕ್ಕಳು ಒಬ್ಬರ ಫೋಟೋ ಒಬ್ಬರು ತೆಗೆದು ನಗುತ್ತಿದ್ದರು. ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಳು ನಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಅಕ್ಕಾ, ಇಷ್ಟು ಚಿಕ್ಕದು ಇದು. ಯಾರಾದ್ರೂ ಬಚ್ಚಲುಮನೇಲಿ ಇಟ್ರೆ ನಮಗೆ ಗೊತ್ತಾಗುತ್ತಾ?"

ನಮ್ಮ ಹತ್ತಿರ ಆಗ ಉತ್ತರ ಇರಲಿಲ್ಲ. ಬ್ಯಾಟರಿ, ಕೇಬಲ್, ವೋಲ್ಟು ಎಲ್ಲದರ ಬಗ್ಗೆ ಪಾಠ ಮಾಡಿದ್ದೆವು. ಅವಳ ಮನಸ್ಸಿನಲ್ಲಿದ್ದ ಭಯದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಏಳು ಜನ ಪತ್ರಿಕೋದ್ಯಮ ಓದಿದವರಿಗೆ ಹೊಳೆಯದ ಪ್ರಶ್ನೆ ಅವಳಿಗೆ ಹೊಳೆದಿತ್ತು.

ಅವತ್ತು ರಾತ್ರಿ ನಮ್ಮೊಳಗೇ ಜಗಳ ಆಯಿತು. ಇಂಥದ್ದನ್ನು ಕಲಿಸುವುದೇ ತಪ್ಪು, ನಿಲ್ಲಿಸೋಣ ಅಂತ ಇಬ್ಬರು. ನಿಲ್ಲಿಸಿದರೆ ಕೆಟ್ಟದ್ದು ಮಾಡುವವನು ನಿಲ್ಲುತ್ತಾನಾ, ಅವನು ಸಿದ್ಧ ಕ್ಯಾಮೆರಾವನ್ನೇ ತರಿಸುತ್ತಾನೆ, ಹುಡುಗಿಯರಿಗೆ ಮಾತ್ರ ಏನೂ ಗೊತ್ತಿಲ್ಲದೆ ಉಳಿಯುತ್ತದೆ ಅಂತ ಉಳಿದವರು. ಕೊನೆಗೆ ನಾವು ನಿಂತದ್ದು ಎರಡನೆಯ ಮಾತಿಗೆ. ಆದರೆ ಮೊದಲಿನವರ ಮಾತೂ ನಮ್ಮನ್ನು ಬದಲಾಯಿಸಿತು. ಈಗ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಈ ಪಾಠ ನಡೆಯುತ್ತದೆ.

ಕೇಳದೆ ಯಾರ ಫೋಟೋವನ್ನೂ ತೆಗೆಯುವಂತಿಲ್ಲ. ಬೇಡ ಅಂದವರನ್ನು ಎರಡನೇ ಸಲ ಕೇಳುವಂತಿಲ್ಲ. ಕ್ಯಾಮೆರಾ ಕಾಣುವ ಜಾಗದಲ್ಲೇ ಇರಬೇಕು, ಅದರ ಡಬ್ಬಿಯ ಮೇಲೆ ಜೋಡಿಸಿದವರ ಹೆಸರು ಇರಬೇಕು. ಮನೆಗೆ ಒಯ್ಯುವಂತಿಲ್ಲ. ಸಂಜೆ ಎಲ್ಲರೂ ಸೇರಿ ಚಿತ್ರ ನೋಡಿ, ಯಾರು ಅಳಿಸು ಅಂದರೂ ಅಳಿಸಬೇಕು.

ಕಾನೂನು ಏನು ಹೇಳುತ್ತದೆ ಅಂತಲೂ ಹೇಳುತ್ತೇವೆ. ಒಪ್ಪಿಗೆ ಇಲ್ಲದೆ ಒಬ್ಬರ ಖಾಸಗಿ ಅಂಗದ ಚಿತ್ರ ತೆಗೆಯುವುದು, ಕಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಹೆಣ್ಣುಮಕ್ಕಳನ್ನು ಖಾಸಗಿ ಹೊತ್ತಿನಲ್ಲಿ ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಅಪರಾಧ. ಮೊದಲ ಸಲಕ್ಕೇ ಒಂದು ವರ್ಷಕ್ಕೆ ಕಡಿಮೆಯಿಲ್ಲದ ಜೈಲು. ಮಕ್ಕಳ ವಿಷಯದಲ್ಲಾದರೆ ಪೋಕ್ಸೋ ಕಾಯ್ದೆಯೂ ಇದೆ. ಸಹಾಯಕ್ಕೆ 112, ಮಕ್ಕಳಿಗೆ 1098.

ಆ ಹುಡುಗಿಯ ಪ್ರಶ್ನೆಗೂ ಉತ್ತರ ಕಟ್ಟಿಕೊಂಡೆವು. ಇಂಥ ಕ್ಯಾಮೆರಾಕ್ಕೆ ಕರೆಂಟು ಬೇಕು, ಆದ್ದರಿಂದ ತಂತಿಯೋ ಬ್ಯಾಟರಿಯೋ ಎಲ್ಲೋ ಇರಬೇಕು. ಬಿಸಿಯಾಗುತ್ತದೆ. ಲೆನ್ಸಿಗೆ ತೂತು ಬೇಕೇ ಬೇಕು. ಕತ್ತಲಲ್ಲಿ ಟಾರ್ಚ್ ಹಿಡಿದು ನಿಧಾನವಾಗಿ ಸುತ್ತ ನೋಡಿದರೆ ಲೆನ್ಸಿನ ಗಾಜು ಮಿಣುಕುವುದು ಕಾಣಬಹುದು. ಇಷ್ಟು ನೋಡಿದರೆ ಎಲ್ಲವೂ ಸಿಕ್ಕೇ ಸಿಗುತ್ತದೆ ಅಂತ ನಾವು ಮಾತು ಕೊಡುವುದಿಲ್ಲ. ಆದರೆ ಕೈಯಾರೆ ಒಂದನ್ನು ಜೋಡಿಸಿದವಳಿಗೆ ಎಲ್ಲಿ ಹುಡುಕಬೇಕು ಅಂತ ಗೊತ್ತಿರುತ್ತದೆ. ಅವಳಿಗೆ ಇದನ್ನು ಹೇಳಲು ಮುಂದಿನ ವಾರ ಮತ್ತೆ ಆ ಊರಿಗೆ ಹೋಗಿದ್ದೆವು. ಅವಳು ತನ್ನ ಗೆಳತಿಯರನ್ನೆಲ್ಲ ಕರೆದು ಕೂರಿಸಿ ಕೇಳಿಸಿದಳು.

ಇನ್ನೂ ಒಂದು ಮಾತು. ನಾವು ಹೇಳಿದ ಆ ಸಿದ್ಧ ಪ್ರೋಗ್ರಾಂ ನೋಡುವವರ ಹತ್ತಿರ ಪಾಸ್‌ವರ್ಡ್ ಕೇಳುವುದಿಲ್ಲ. ಅದೇ ವೈಫೈಯಲ್ಲಿ ಇರುವ ಯಾರೇ ಆ ವಿಳಾಸ ಹೊಡೆದರೂ ನಿಮ್ಮ ಕ್ಯಾಮೆರಾ ನೋಡಬಹುದು. ಅದಕ್ಕೆ ಹಾಟ್‌ಸ್ಪಾಟಿಗೆ ಗಟ್ಟಿ ಪಾಸ್‌ವರ್ಡ್ ಇಡಿ, ಅಂಗಡಿಯ ವೈಫೈಗೆ, ಶಾಲೆಯ ವೈಫೈಗೆ ಕ್ಯಾಮೆರಾ ಸೇರಿಸಬೇಡಿ. ಕೆಲಸ ಮುಗಿದ ಕೂಡಲೇ ಕೇಬಲ್ ಕೀಳಿ. ಬೋರ್ಡನ್ನು ಬೇರೆಯವರಿಗೆ ಕೊಡುವ ಮೊದಲು ಖಾಲಿ ಪ್ರೋಗ್ರಾಂ ಹಾಕಿ ಚಿಪ್ಪನ್ನು ಪೂರ್ತಿ ಅಳಿಸಿ, ಇಲ್ಲದಿದ್ದರೆ ನಿಮ್ಮ ಪಾಸ್‌ವರ್ಡ್ ಅದರೊಳಗೇ ಉಳಿದಿರುತ್ತದೆ.

ನಾವು ಕೇಳುವುದು

ಬ್ಯಾಟರಿಯ ಭಯಕ್ಕೆ ಉತ್ತರ ಹೇಳಿದೆವು. ಉಳಿದದ್ದು ರಿಜಿಸ್ಟರಿನ ಭಯ. ಅದೇ ವಿಜ್ಞಾನದ ಕೋಣೆಯಲ್ಲಿ ಲಿಟ್ಮಸ್ ಕಾಗದ ಖರ್ಚಾಗುತ್ತದೆ, ಆ್ಯಸಿಡ್ ಖರ್ಚಾಗುತ್ತದೆ, ಗಾಜಿನ ನಳಿಕೆ ಒಡೆಯುತ್ತದೆ. ಕಲಿಯುವಾಗ ಹೋಯಿತು ಅಂತ ಬರೆದರೆ ಮುಗಿಯಿತು. ಕ್ಯಾಮೆರಾ ಕಿಟ್ಟಿಗೂ ಅದೇ ಲೆಕ್ಕ ಯಾಕೆ ಬೇಡ? ಮೇಷ್ಟ್ರ ತಲೆಯ ಮೇಲೆ ಹತ್ತಕ್ಕೆ ಹತ್ತೂ ಉಳಿಸುವ ಹೊಣೆ ಹಾಕಿದರೆ ಅವರು ಬೀಗ ಹಾಕದೆ ಇನ್ನೇನು ಮಾಡುತ್ತಾರೆ? ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಪೋಷಕರೇ ಒಂದು ನಿರ್ಣಯ ಬರೆಸಬಹುದು: ಕಿಟ್ ಇರುವುದು ಬಿಚ್ಚುವುದಕ್ಕೆ, ಜೋಡಿಸುವಾಗ ಕೆಟ್ಟರೆ ಮೇಷ್ಟ್ರು ಹೊಣೆಯಲ್ಲ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಶಾಲೆಯಲ್ಲಿ ಆಗದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಇದೆ. ಅರಿವು ಕೇಂದ್ರ ಅಂತ ಹೆಸರಿಟ್ಟು ಕಂಪ್ಯೂಟರ್ ಕೊಟ್ಟ ಕಡೆ, ತಿಂಗಳಿಗೆ ಒಂದು ಭಾನುವಾರ ಒಂದು ಮೇಜು ಸಾಕು. ಒಂದು ಬೋರ್ಡು, ಒಂದು ಪವರ್ ಬ್ಯಾಂಕು, ಒಬ್ಬ ದೊಡ್ಡವರು, ಗೋಡೆಯ ಮೇಲೆ ಆ ನಿಯಮಗಳು. ಹುಡುಗರಷ್ಟೇ ಹುಡುಗಿಯರೂ ಇರಬೇಕು, ಅದು ಷರತ್ತು.

ಇಷ್ಟು ಬರೆದು ಆ ಮೊದಲ ಶಾಲೆಯ ಮೇಷ್ಟ್ರಿಗೆ ಫೋನ್ ಮಾಡಿದೆವು. ನಮ್ಮ ಸುಟ್ಟ ಬೋರ್ಡಿನ ಕಥೆ, ಹೊಗೆಯ ಕಥೆ ಎಲ್ಲ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಪೆಟ್ಟಿಗೆ ತೆಗೀತೀನಿ. ನೀವು ಬಂದು ಪಕ್ಕದಲ್ಲಿ ಕೂತ್ಕೊಳ್ಳಿ" ಅಂದರು. ಹತ್ತರಲ್ಲಿ ಒಂದು. ಈ ತಿಂಗಳ ಕೊನೆಯ ಶನಿವಾರ ಹೋಗುತ್ತಿದ್ದೇವೆ.

ನಿಮ್ಮೂರಿನ ಶಾಲೆಯಲ್ಲೂ ಇಂಥ ಬೀರು ಇರಬಹುದು. ಹೋಗಿ ಒಳಗೆ ಏನಿದೆ ಅಂತ ಕೇಳಿ. ಬೀಗದ ಕೈ ಹಿಡಿದವರನ್ನು ಬೈಯಬೇಡಿ. ನಾವೂ ಪಕ್ಕದಲ್ಲಿ ಕೂರುತ್ತೇವೆ ಅಂತ ಹೇಳಿ.